ಲಾಮುನುವಿಗೆ ಹಿಡಿದಿಟ್ಟ ಕುರ್ಚಿ

ನಮ್ಮ ಅತ್ತೆ ಶಾರದಾಬಾಯಿಗೆ ಕಿವಿ ಚುರುಕು, ಬಾಯಿ ಅದಕ್ಕಿಂತ ಚುರುಕು. ಹೈದರಾಬಾದಿನ ಹಿಮಾಯತ್‌ನಗರದ ನಮ್ಮ ಹಳೇ ಮನೆಯ ಮೇಲಿನ ಖೋಲಿಗೆ ಉಗಾಂಡಾದ ಅಕೆಲ್ಲೊ ಬಾಡಿಗೆಗೆ ಬಂದ ಮೇಲೆ ಎರಡಕ್ಕೂ ಬಿಡುವೇ ಇಲ್ಲ. ಹುಡುಗಿ ಉಸ್ಮಾನಿಯಾದಲ್ಲಿ ಓದುತ್ತಾಳೆ. ಭಾನುವಾರ ಮಧ್ಯಾಹ್ನ ಅವಳ ಗೆಳತಿಯರು, ಒಬ್ಬಳು ಸುಡಾನಿನವಳು, ಒಬ್ಬಳು ನೈಜೀರಿಯಾದವಳು, ಇನ್ನೊಬ್ಬಳು ಮಲಾವಿಯವಳು, ನಮ್ಮ ಕೆಳಗಿನ ಪಡಸಾಲೆಯಲ್ಲಿ ಸೇರುತ್ತಾರೆ. ಜಾಗ ಕೊಟ್ಟವಳು ನಾನು, ಚಹಾ ಕೊಡುವವರು ಅತ್ತೆ. ಚಹಾ ನೆಪ ಅಷ್ಟೇ, ಅವರಿಗೆ ಮಾತು ಕೇಳಬೇಕು.

“ಇಷ್ಟೊತ್ತು ಏನ್ ಮಾತಾಡ್ತಾರ ಅನುರಾಧಾ?”

“ಹೆಣ್ಮಕ್ಕಳ ಸಲುವಾಗಿ ಬಡದಾಡಿ ದಣದವರು ಮನಸ್ಸಿನ ಗಾಯ ಹೆಂಗ ಮಾಯಿಸ್ಕೋಬೇಕು ಅಂತರೀ ಅತ್ತಿ. ಚಿತ್ರಾ ತಗದು, ನಾಟಕ ಆಡಿ, ಹಾಡಿ…”

“ಬಾಯಿ ಬಿಟ್ಟು ಅಳಬೇಕವಾ. ಅದಕ್ಕೂ ಮೀಟಿಂಗ್ ಬೇಕೇನು?”

ಅತ್ತೆ ಹಾಗೆ ಅನ್ನುವುದಕ್ಕೆ ಕಾರಣ ಉಂಟು. ಅವರು ಆಳಂದದ ಕಡೆಯವರು. ಅಲ್ಲಿ ಹೆಂಗಸರು ಸತ್ತವರ ಮುಂದೆ ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಹೋದವರ ನಡೆ, ನುಡಿ, ಉಂಡದ್ದು, ಉಟ್ಟದ್ದು ಎಲ್ಲ ಆ ಹಾಡಿನಲ್ಲಿ ಬರಬೇಕು. ಅತ್ತೆಯದು ಇದರಲ್ಲಿ ಎತ್ತಿದ ಕೈ. ಕೂಕಟ್‌ಪಲ್ಲಿಯ ನೆಂಟರಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಬರುವ ಪ್ರಶ್ನೆ, ‘ಶಾರದಕ್ಕ ಬಂದ್ಲೇನು?’

ಅಕೆಲ್ಲೊಗೆ ಲಾಮುನು ಎಂಬ ಗೆಳತಿ ಇದ್ದಳು. ಇದ್ದಳು ಅಂದರೆ ಅಕೆಲ್ಲೊ ನನ್ನ ಮೇಲೆ ಸಿಟ್ಟಾದಾಳು, ಇದ್ದಾಳೆ. ಇಬ್ಬರೂ ಒಂದೇ ಓಣಿಯವರು. ಊರಿನ ಸಂತೆಯ ಜಾಗ ಬಿಡಿಸಲು ಬಂದವರ ಎದುರಿಗೆ, ಸೊಪ್ಪು ಮಾರುವ ಹೆಂಗಸರನ್ನೇ ಕಟ್ಟಿಕೊಂಡು ನಾಟಕ ಆಡಿಸಿದವಳು ಲಾಮುನು. ಒಂದು ಮುಂಜಾನೆ ಯಾರೋ ಗಾಡಿಯಲ್ಲಿ ಬಂದು ಅವಳನ್ನು ಕರೆದುಕೊಂಡು ಹೋದರು. ಮೂರು ತಿಂಗಳಾಯಿತು, ಸುದ್ದಿಯೇ ಇಲ್ಲ. ಊರಿನ ಮಂದಿ ಆಗಲೇ ‘ಪಾಪ, ಒಳ್ಳೇ ಹುಡುಗಿ’ ಅನ್ನತೊಡಗಿದ್ದಾರೆ. ಅವಳ ತಾಯಿ ಕೂಡ ಅವಳ ಹಾಸಿಗೆ ಸುತ್ತಿ ಅಟ್ಟಕ್ಕೆ ಹಾಕಿದಳಂತೆ. ಬದುಕಿದ್ದಾಳೆ ಅಂತ ಹಟ ಹಿಡಿದು ಕೂತವಳು ಅಕೆಲ್ಲೊ ಒಬ್ಬಳೇ.

ಮುಂದಿನ ಭಾನುವಾರ ನಮ್ಮ ರಸ್ತೆಯದೇ ಒಂದು ಹಾಲ್‌ನಲ್ಲಿ ಈ ಗೆಳತಿಯರ ಕಾರ್ಯಕ್ರಮ. ಅಲ್ಲಿ ಲಾಮುನು ಬಗ್ಗೆ ಅಕೆಲ್ಲೊ ಮಾತಾಡಬೇಕು.

“ಆಗಲ್ಲ ಅಕ್ಕಾ,” ಅಂದಳು ನನಗೆ. ಅವಳ ಹೈದರಾಬಾದಿ ಹಿಂದಿಯನ್ನು ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. “ಏನು ಹೇಳಹೋದರೂ ಸತ್ತವರ ಬಗ್ಗೆ ಹೇಳಿದ ಹಾಗೇ ಆಗ್ತದೆ. ನಾನೂ ಹಾಗೆ ಮಾತಾಡಿಬಿಟ್ಟರೆ ಅವಳಿಗೆ ಯಾರೂ ಉಳಿಯಲ್ಲ.”

ಕಾರ್ಯಕ್ರಮದ ಹಿಂದಿನ ಭಾನುವಾರ ಗೆಳತಿಯರೆಲ್ಲ ಸೇರಿ ಅವಳಿಗೆ ಧೈರ್ಯ ಬರಲೆಂದು ಲಾಮುನುವಿನ ದೊಡ್ಡ ಫೋಟೋ ತಂದರು. ಪಡಸಾಲೆಯ ಮೇಜಿನ ಮೇಲಿಟ್ಟರು. ಚೆಂದ ಕಾಣಲಿ ಅಂತ ಮೂಲೆಯ ಹೂವಿನಂಗಡಿಯಿಂದ ಚೆಂಡುಹೂವಿನ ಮಾಲೆ ತಂದು ಹಾಕಿದರು, ಮುಂದೊಂದು ದೀಪ ಹಚ್ಚಿದರು. ಪಾಪ, ಅವರಿಗೇನು ಗೊತ್ತು! ನಾನು ಆಗ ಮೇಲೆ ಬಟ್ಟೆ ಒಣಹಾಕುತ್ತಿದ್ದೆ.

ಚಹಾದ ತಟ್ಟೆ ಹಿಡಿದು ಒಳಗೆ ಬಂದ ಅತ್ತೆ ಫೋಟೋ ನೋಡಿದರು. ಮಾಲೆ ನೋಡಿದರು, ದೀಪ ನೋಡಿದರು. ಲಾಮುನುವಿನ ಕಥೆ ನನ್ನಿಂದ ಕೇಳಿದ್ದರು, ಸಾವಿನ ಸುದ್ದಿ ಬಂತೆಂದೇ ತಿಳಿದರು. ತಟ್ಟೆ ಕೆಳಗಿಟ್ಟು, ಸೆರಗು ಬಾಯಿಗೆ ಹಚ್ಚಿ, ಅಲ್ಲೇ ಕೂತು ಶುರು ಮಾಡಿದರು.

“ಎಲ್ಲಿಗಿ ಹೋದೆವ್ವಾ ನನ್ ಕೂಸಽ… ಸಂತಿಯ ದನಿಯಾಗಿದ್ದಾಕಿ, ನೂರು ಮಂದೀನ ನಗಿಸಿದಾಕಿ, ನಿಮ್ಮವ್ವನ ಮಡಿಲು ಬರಿದು ಮಾಡಿ ಹೋದೆಲ್ಲವ್ವಾ…”

ಭಾಷೆ ಬಾರದಿದ್ದರೇನು, ಆ ರಾಗ ಯಾರಿಗೆ ತಿಳಿಯುವುದಿಲ್ಲ? ನಾನು ಮೆಟ್ಟಿಲಿಳಿದು ಓಡಿ ಬರುವಷ್ಟರಲ್ಲಿ ಅಕೆಲ್ಲೊ ಎದ್ದು ನಿಂತಿದ್ದಳು.

“ಜಿಂದಾ ಹೈ ಓ!” ಅಂತ ಕಿರುಚಿದಳು. “ಅಮ್ಮಾ, ಜಿಂದಾ ಹೈ!”

ಅತ್ತೆಯ ಹಾಡು ಅರ್ಧಕ್ಕೇ ನಿಂತಿತು. ನನ್ನ ಕಡೆ ನೋಡಿದರು. ನಾನು ಹೂಂ ಎಂದು ತಲೆಯಾಡಿಸಿದೆ.

“ಅಯ್ಯ ಶಿವನ! ಜೀವಂತ ಇದ್ದಾಕಿ ಫೋಟೋಕ್ಕ ಮಾಲಿ ಹಾಕ್ತಾರೇನ ಯಾರರ? ತಗೀರಿ, ಮದಲ ತಗೀರಿ!” ತಾವೇ ಮಾಲೆ ಕಿತ್ತು ಕಿಟಕಿಯಿಂದಾಚೆ ಒಗೆದರು. ದೀಪ ಆರಿಸಿದರು. ಫೋಟೋದ ಮುಂದೆ ಎರಡೂ ಕೈಯಿಂದ ನೆಟಿಗೆ ಮುರಿದು, “ನನ್ನ ಬಾಯಿಗಿ ಹುಳಾ ಬೀಳಲಿ. ನೂರು ವರ್ಷ ಬಾಳವಾ ತಾಯಿ,” ಅಂದು ಅಡುಗೆಮನೆಗೆ ಹೋದವರು ಹೊರಗೆ ಬರಲೇ ಇಲ್ಲ.

ಗೆಳತಿಯರೆಲ್ಲ ಹೋದ ಮೇಲೆ ಅಕೆಲ್ಲೊ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಅತ್ತೆ ರೊಟ್ಟಿ ಬಡಿಯುತ್ತಿದ್ದರು, ತಲೆ ಎತ್ತಲಿಲ್ಲ.

“ಬ್ಯಾರೆದವರ ಮಗಳನ್ನ ಬಾಯಿಲೇ ಕೊಂದೆ ನಾನು. ಕ್ಷಮಾ ಮಾಡಂತ ಹೇಳು ಆಕಿಗಿ,” ಅಂದರು ನನಗೆ.

ಹೇಳಿದೆ. ಅಕೆಲ್ಲೊ ಅತ್ತೆಯ ಪಕ್ಕ ನೆಲದ ಮೇಲೆಯೇ ಕೂತಳು. “ಸತ್ತವರಿಗೆ ಹಾಡು ಇದೆ ಅಮ್ಮಾ. ಬರದೇ ಇರುವವರಿಗೆ ನಿಮ್ಮಲ್ಲಿ ಏನು ಮಾಡ್ತೀರಿ?”

ಅತ್ತೆ ರೊಟ್ಟಿ ತಿರುವಿ ಹಾಕಿದರು.

“ಬೈತೀವಿ,” ಅಂದರು. “ಹೊತ್ತಿಗಿ ಮನಿಗಿ ಬರಲಿಲ್ಲಂದ್ರ ಬೈಯೂದಿಲ್ಲೇನು? ಹೋದವರಿಗಿ ಯಾರೂ ಬೈಯಂಗಿಲ್ಲ, ಅವರು ಎಲ್ಲಾರೂ ಛಲೋನೇ. ಬರಾಕಿಗೇ ಬೈಯೂದು. ನಿನಗ ಆಕಿ ಮ್ಯಾಲೆ ಏನೂ ಸಿಟ್ಟಿಲ್ಲೇನು?”

ನಾನು ಅದನ್ನು ಹಿಂದಿಗೆ ತಿರುಗಿಸಿ ಹೇಳಿದೆ. ಅಕೆಲ್ಲೊ ಮೆಲ್ಲಗೆ, “ನನ್ನ ಕೆಂಪು ಚಪ್ಪಲಿ ಒಯ್ದಳು,” ಅಂದಳು. “ನಾಟಕಕ್ಕೆ ಬೇಕು ಅಂತ. ವಾಪಸ್ ಕೊಡಲೇ ಇಲ್ಲ.”

“ಕಳ್ಳಿ!” ಅಂದರು ಅತ್ತೆ. “ಇನ್ನ?”

“ಬೇರೆಯವರ ತಟ್ಟೆಗೆ ಕೈ ಹಾಕ್ತಾಳೆ. ಶೇಂಗಾ, ಎಳ್ಳು ಅರೆದು ಮಾಡಿದ್ದು ಇದ್ದರೆ ಮುಗೀತು, ಯಾರಿಗೂ ಉಳಿಸಲ್ಲ.”

“ಶೇಂಗಾ, ಎಳ್ಳು?” ಅತ್ತೆಯ ಕಣ್ಣರಳಿತು. “ಅಂದ್ರ ಆಕಿ ನಮ್ಮಾಕೀನೇ ಬಿಡು! ನಾನು ಕುಟ್ಟಿದ ಶೇಂಗಾ ಹಿಂಡಿ ರೊಟ್ಟಿಗಿ ಹಚ್ಕೊಂಡು ತಿಂದ್ರ ವಾಪಸ್ ಹೋಗಂಗಿಲ್ಲ. ಇನ್ನ?”

“ನಾಟಕದಲ್ಲಿ ಯಾವಾಗಲೂ ತಾನೇ ರಾಣಿ, ನಾನು ಕತ್ತೆ!”

ಅತ್ತೆ ಬಿದ್ದು ಬಿದ್ದು ನಕ್ಕರು. ಅಕೆಲ್ಲೊ ಕೂಡ ನಕ್ಕಳು, ನಗುತ್ತ ನಗುತ್ತಲೇ ಅವರ ಹಿಟ್ಟು ಮೆತ್ತಿದ ಕೈ ಹಿಡಿದು ಅತ್ತಳು. ಮೂರು ತಿಂಗಳಲ್ಲಿ ಅವಳು ಅತ್ತದ್ದು ನಾನು ನೋಡಿದ್ದು ಅದೇ ಮೊದಲು. ತವೆಯ ಮೇಲಿನ ರೊಟ್ಟಿ ಸುಟ್ಟು ಕರಕಾಯಿತು, ಯಾರೂ ತೆಗೆಯಲಿಲ್ಲ.

ಮುಂದಿನ ಭಾನುವಾರ ಹಾಲ್ ತುಂಬಿತ್ತು. ಅತ್ತೆ ಮೊದಲ ಸಾಲಿನಲ್ಲಿ ಕೂತು, ಮಗ್ಗುಲ ಕುರ್ಚಿಯ ಮೇಲೆ ತಮ್ಮ ಕರ್ಚೀಫು ಹಾಸಿದರು, ಬಸ್ಸಿನಲ್ಲಿ ಸೀಟು ಹಿಡಿಯುತ್ತೇವಲ್ಲ ಹಾಗೆ. ಅದರ ಮೇಲೊಂದು ಸ್ಟೀಲ್ ಡಬ್ಬಿ, ಒಳಗೆ ರೊಟ್ಟಿ, ಶೇಂಗಾ ಹಿಂಡಿ. ವೇದಿಕೆಯ ಮೇಲೆ ಲಾಮುನುವಿನ ಫೋಟೋ ಇತ್ತು. ಮಾಲೆ ಇರಲಿಲ್ಲ, ದೀಪ ಇರಲಿಲ್ಲ.

ಅಕೆಲ್ಲೊ ಮೈಕಿನ ಮುಂದೆ ಬಂದಳು. ಜನರನ್ನು ನೋಡಲಿಲ್ಲ, ನಮ್ಮ ಸಾಲಿನ ಖಾಲಿ ಕುರ್ಚಿಯನ್ನು ನೋಡಿದಳು.

“ಲಾಮುನು,” ಅಂದಳು ಜೋರಾಗಿ, “ಎಲ್ಲೇ ನನ್ನ ಚಪ್ಪಲಿ?”

ಜನ ಮೊದಲು ತಬ್ಬಿಬ್ಬಾದರು, ಆಮೇಲೆ ನಕ್ಕರು. ಅವಳು ಬೈಯುತ್ತಾ ಹೋದಳು. ಚಪ್ಪಲಿಯಿಂದ ನಾಟಕಕ್ಕೆ, ನಾಟಕದಿಂದ ಸಂತೆಗೆ, ಸಂತೆಯಿಂದ ಆ ಮುಂಜಾನೆಯ ಗಾಡಿಗೆ ಬಂದಳು. ಅಲ್ಲಿ ಬಂದಾಗ ಯಾರೂ ನಗುತ್ತಿರಲಿಲ್ಲ. ಅವಳ ದನಿ ಮಾತ್ರ ನಡುಗಲಿಲ್ಲ.

ತಡವಾಗಿ ಬಂದ ಒಬ್ಬ ಹಿರಿಯರು ಬಗ್ಗಿ, ಡಬ್ಬಿ ಸರಿಸಿ ಕೂರಲು ನೋಡಿದರು. ಅತ್ತೆ ಕುರ್ಚಿಯ ಮೇಲೆ ಕೈ ಇಟ್ಟರು.

“ನಕ್ಕೋ ಭಯ್ಯಾ,” ಅಂದರು ತಮಗೆ ಬರುವ ಹರಕು ಹಿಂದಿಯಲ್ಲಿ, ಪಿಸುದನಿಯಲ್ಲಿ. “ಹಮಾರಿ ಬಚ್ಚಿ ಆರೀ ಹೈ. ನಮ್ಮ ಹುಡುಗಿ ಬರ್ಲಾಕತ್ಯಾಳ.”