ಒಂದೇ ಉಸಿರಿನ ಬಲೂನು

ಮಕ್ಕಳ ಹುಟ್ಟುಹಬ್ಬಕ್ಕೆ ಕಟ್ಟುವಂಥ ಬಲೂನುಗಳನ್ನು ಟ್ರೀವಾ ಊಟದ ಮೇಜಿನ ಮೇಲೆ ಹರವಿದಾಗ ಅವಳ ಗಂಡ ಡಾರೆಲ್ ತಿನ್ನುವುದನ್ನು ಬಿಟ್ಟು ನಗತೊಡಗಿದ.

"ಇದಾ ನಿನ್ನ ಬಯಾಲಜಿ? ಫೀಸು ಕಟ್ಟಿ ಬಲೂನು ಊದೋದು ಕಲೀತಿದ್ದೀಯಾ?"

"ಬಾಯಿ ಮುಚ್ಕೊಂಡು ಊದು."

"ಬಾಯಿ ಮುಚ್ಕೊಂಡು ಹೇಗೆ ಊದ್ಲಿ ಮಾರಾಯ್ತಿ?"

ಮನೆಯವರ ಉಸಿರು ಅಳೆದುಕೊಂಡು ಬನ್ನಿ ಎಂದು ಟೀಚರ್ ಹೋಂವರ್ಕ್ ಕೊಟ್ಟಿದ್ದರು. ಎದೆ ತುಂಬ ಗಾಳಿ ಎಳೆದುಕೊಂಡು ಒಂದೇ ಸಲಕ್ಕೆ ಊದಬೇಕು, ಬಲೂನಿನ ಅಗಲಕ್ಕೆ ಸ್ಕೇಲು ಹಿಡಿಯಬೇಕು, ಒಳಗೆ ಎಷ್ಟು ಲೀಟರ್ ಗಾಳಿ ಇದೆ ಎಂಬುದನ್ನು ಪುಸ್ತಕದ ಪಟ್ಟಿಯೇ ಹೇಳುತ್ತದೆ. ಇಷ್ಟು ಸರಳವಾದ ಪಾಠ ಟ್ರೀವಾಗೆ ಈ ವರ್ಷ ಸಿಕ್ಕೇ ಇರಲಿಲ್ಲ. ಇಬ್ಬರು ಮಕ್ಕಳಾದ ಮೇಲೆ ಕೌಂಟಿಯ ಕಮ್ಯುನಿಟಿ ಕಾಲೇಜಿಗೆ ಸೇರಿದವಳು ಅವಳು. ಬಯಾಲಜಿ ಪಾಸಾದರೆ ನರ್ಸಿಂಗ್, ನರ್ಸಿಂಗ್ ಮುಗಿದರೆ ಆಸ್ಪತ್ರೆ ಕೆಲಸ, ಆಮೇಲೆ ಡಾರೆಲ್ ಕಲ್ಲಿದ್ದಲ ಗಣಿ ಇಳಿಯುವುದೇ ಬೇಡ. ಅವಳು ಜೀವಕೋಶದ ಚಿತ್ರ ಬರೆದದ್ದೂ, ಕಪ್ಪೆ ಕೊಯ್ದದ್ದೂ ಇದೊಂದೇ ಆಸೆಗೆ.

"ನನಗೊಂದು ಕೊಡಮ್ಮ," ಎಂದರು ಮಾವ ವರ್ಲಿನ್, ಕಿಟಕಿ ಪಕ್ಕದ ಕುರ್ಚಿಯಿಂದ. ಅವರೂ ಗಣಿಯಲ್ಲಿ ಜೀವ ತೇಯ್ದವರು. ಈಗ ಮೂಗಿಗೆ ಆಮ್ಲಜನಕದ ನಳಿಕೆ, ಒಂದು ವಾಕ್ಯಕ್ಕೆ ಎರಡು ವಿರಾಮ. "ಪಾಪ, ನಿನ್ನ ಪರೀಕ್ಷೆಗೆ... ಮುದುಕನ ಲೆಕ್ಕವೂ ಬೇಕಲ್ಲ."

ಮಾವ ಊದಿದರು. ಬಲೂನು ಕಿತ್ತಳೆ ಹಣ್ಣಿನಷ್ಟಾಗಿ ನಿಂತಿತು. ಎಲ್ಲರೂ ನಕ್ಕರು, ಮಾವನೂ ನಕ್ಕರು.

"ತೋರಿಸ್ತೀನಿ ನೋಡು ಗಂಡಸಿನ ಉಸಿರು," ಎನ್ನುತ್ತ ಡಾರೆಲ್ ಎದ್ದು ನಿಂತು ಊದಿದ.

ಅವನದೂ ಕಿತ್ತಳೆಯಷ್ಟೇ ಆಯಿತು.

"ಆಟ ಆಡ್ಬೇಡ ಡಾರೆಲ್. ನಾಳೆ ತೋರಿಸ್ಬೇಕು ಕಣೋ. ಸರಿಯಾಗಿ ಊದು."

ಅವನು ಮತ್ತೆ ಊದಿದ. ಕುತ್ತಿಗೆಯ ನರ ಉಬ್ಬಿತು, ಮುಖ ಕೆಂಪಾಯಿತು, ಕೆಮ್ಮು ಹತ್ತಿತು. ಈ ಸಲವೂ ಅಷ್ಟೇ ಆಯಿತು. ಅಪ್ಪನ ಬಲೂನೂ ಮಗನ ಬಲೂನೂ ಅಕ್ಕಪಕ್ಕ ಮೇಜಿನ ಮೇಲೆ ಕೂತವು. ಬಣ್ಣವೊಂದು ಬೇರೆ ಇಲ್ಲದಿದ್ದರೆ ಯಾರದು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ಡಾರೆಲ್‌ಗೆ ಇನ್ನೂ ಮೂವತ್ತಾರು.

ಟ್ರೀವಾಗೆ ಭಯಕ್ಕಿಂತ ಮೊದಲು ಬಂದದ್ದು ಸಿಟ್ಟು. "ಧೂಳು ಅಳೆಯೋ ಪಂಪು ಎದೆಗೆ ಸಿಕ್ಕಿಸ್ಕೊಂಡೇ ಇಳಿತೀನಿ, ಪ್ರತಿ ಸಲ ಎಲ್ಲ ಸರಿಯಾಗೇ ಬರುತ್ತೆ ಅಂತಿದ್ಯಲ್ಲ! ನಾನು ನಂಬಿದ್ದೆ ಕಣೋ!"

ಡಾರೆಲ್ ತಟ್ಟೆಯಲ್ಲಿ ಉಳಿದಿದ್ದ ಬೀನ್ಸನ್ನು ಚಮಚದಿಂದ ಆಚೆಈಚೆ ದೂಡಿದ. ಉತ್ತರ ಹೇಳಿದ್ದು ಮಾವ.

"ಪಂಪು ಎದೆ ಮೇಲೆ ಎಲ್ಲಿರುತ್ತಮ್ಮ. ಬುತ್ತಿ ಡಬ್ಬೀಲಿ ಹಾಕಿ... ಮುಚ್ಚಳ ಮುಚ್ಚಿಡ್ತಾರೆ. ಅದ್ರಲ್ಲಿ ಧೂಳು ಜಾಸ್ತಿ ಅಂತ ಬಂದ್ರೆ ಆ ಸುರಂಗ ನಿಲ್ಲಿಸ್ತಾರೆ, ಎಲ್ಲರ ಶಿಫ್ಟೂ ಹೋಗುತ್ತೆ. ನಾವೂ ಹಾಗೇ ಮಾಡ್ತಿದ್ವಿ. ಅವನಿಗೆ ಕಲಿಸಿದ್ದು... ನಾನೇ."

ಅವಳು ಮಾವನ ಕಡೆ ತಿರುಗಿ ಏನೋ ಅನ್ನಲು ಹೋದಳು. ಅವರು ಅಷ್ಟು ಹೊತ್ತಿಗೆ ಉಸಿರು ಹುಡುಕುತ್ತ ನಳಿಕೆ ಸರಿಮಾಡಿಕೊಳ್ಳುತ್ತಿದ್ದರು. ಅಂಥವರನ್ನು ಬೈಯುವುದು ಹೇಗೆ?

"ನಾಳೆನೇ ಡಾಕ್ಟರ್ ಹತ್ರ ಹೋಗೋಣ," ಎಂದಳು ಗಂಡನಿಗೆ.

"ಎಕ್ಸ್‌ರೇ ತೆಗೆಸಿ ಕಂಪನಿಗೆ ಗೊತ್ತಾದ ದಿನ ನನ್ನ ಕೆಲಸ ಮುಗೀತು. ನೀನು ಓದು ಮುಗಿಸೋ ತನಕ ತಡ್ಕೊ."

"ಅಲ್ಲಿ ತನಕ ನಿನಗೆ ಉಸಿರಿರಬೇಕಲ್ಲ?"

"ಇರುತ್ತೆ ಬಿಡೆ." ಅವನು ಬಲೂನಿನ ಗಾಳಿ ಮೆಲ್ಲಗೆ ಬಿಟ್ಟ. "ನಿನ್ನ ಪಕ್ಕ ಕೂರೋ ಟ್ಯಾಬಿತಾ ನಮ್ಮ ಫೋರ್‌ಮನ್ ಮಗಳು. ನಾಳೆ ಕ್ಲಾಸಲ್ಲಿ ನನ್ನ ಲೆಕ್ಕ ಕೇಳಿಸ್ಕೊಂಡ್ರೆ, ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳದೆ ಇರ್ತಾಳಾ? ಪುಸ್ತಕದಲ್ಲಿ ಗಂಡಸಿಗೆ ಎಷ್ಟು ಅಂತ ಇದೆ?"

"ನಾಲ್ಕೂವರೆ ಲೀಟರ್."

"ಹಾಗೇ ಹೇಳು."

"ಸುಳ್ಳು ಹೇಳಲ್ಲ ನಾನು," ಎಂದಳು ಟ್ರೀವಾ. ಅದನ್ನು ಅವಳು ಹೇಳಿದ್ದು ಮನಸ್ಸಿನಿಂದಲೇ.

ಮರುದಿನ ಕ್ಲಾಸಿನಲ್ಲಿ ಟೀಚರ್ ಮಿಸೆಸ್ ಸ್ಟಿಡಮ್ ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತರು. ಅವರೂ ಇದೇ ಕಣಿವೆಯ ಗಣಿ ಕೆಲಸಗಾರನ ಮಗಳು. "ಮೊದಲು ನಿಮ್ಮನೆ ಗಂಡಸರದ್ದು ಹೇಳಿ."

ಟ್ಯಾಬಿತಾ ಉಗುರು ನೋಡುತ್ತ ಹೇಳಿದಳು: "ಅಪ್ಪಂದು ನಾಲ್ಕೂವರೆ."

ಮುಂದಿನ ಬೆಂಚಿನವಳ ಗಂಡನದೂ ನಾಲ್ಕೂವರೆ. ಅವಳ ಹಿಂದಿದ್ದವಳ ಅಣ್ಣನದೂ ನಾಲ್ಕೂವರೆ. ಸಾಲು ಮುಂದೆ ಹೋದ ಹಾಗೆ ಒಬ್ಬರೂ ಇನ್ನೊಬ್ಬರ ಮುಖ ನೋಡಲಿಲ್ಲ. ಟ್ರೀವಾ ತಲೆಗಳನ್ನು ಎಣಿಸಿದಳು. ಈ ಕ್ಲಾಸಿನ ಎಷ್ಟು ಮನೆಗಳಲ್ಲಿ ನಿನ್ನೆ ಕಿತ್ತಳೆಯಷ್ಟೇ ಆಗಿ ನಿಂತಿರಬಹುದು ಬಲೂನು?

"ಟ್ರೀವಾ?"

ಈಗ ನಿಜ ಹೇಳಿದರೆ ಇಡೀ ಬೋರ್ಡಿನ ಮೇಲೆ ಅದೊಂದೇ ಎದ್ದು ಕಾಣುತ್ತದೆ.

"ಗಂಡಂದು... ನಾಲ್ಕೂವರೆ."

ಮಿಸೆಸ್ ಸ್ಟಿಡಮ್ ಬರೆದರು. ಬೋರ್ಡಿನ ಉದ್ದಕ್ಕೂ ಒಂದೇ ಸಂಖ್ಯೆ. ಅವರು ಸರಾಸರಿ ತೆಗೆಯದೆಯೇ ಡಸ್ಟರ್ ಎತ್ತಿಕೊಂಡರು. "ಎಲ್ಲರಿಗೂ ಪೂರ್ತಿ ಮಾರ್ಕ್ಸು," ಎಂದರು. ಮುಖ ಈ ಕಡೆ ತಿರುಗಿಸಲಿಲ್ಲ.

ಸಂಜೆ ಅವಳು ಮನೆ ಸೇರಿದಾಗ ಡಾರೆಲ್ ಬುತ್ತಿ ಡಬ್ಬಿ ತೊಳೆಯುತ್ತಿದ್ದ. "ಎಷ್ಟು ಬಂತು?"

"ಪೂರ್ತಿ."

"ನೋಡು ಮತ್ತೆ, ನಾನು ಹೇಳಲಿಲ್ವಾ?" ಎಂದು ಅವನು ನಗಲು ಶುರು ಮಾಡಿದ. ಕೆಮ್ಮು ಬಂದು ಆ ನಗು ಅರ್ಧಕ್ಕೇ ನಿಂತಿತು. ಟ್ರೀವಾ ಅವನ ಕೈಯಿಂದ ಡಬ್ಬಿ ತೆಗೆದುಕೊಂಡು ಒರೆಸಿ, ನಾಳೆಯ ಬುತ್ತಿ ಕಟ್ಟಿದಳು. ಒಂದು ಮೂಲೆಯಲ್ಲಿ ಪಂಪು ಹಿಡಿಸುವಷ್ಟು ಜಾಗ ಬಿಟ್ಟಳು.