ತೆರೆಯದ ಕೆಂಪು ಶಾಯಿ

ಬಂದೂಕಿನ ಅಂಗಡಿಯ ಗುಮಾಸ್ತರಿಗೆ ಒಂದೇ ಹೆಮ್ಮೆ. ಇಪ್ಪತ್ತಾರು ವರ್ಷಗಳಲ್ಲಿ ದಾಸ್ತಾನು ಪುಸ್ತಕದ ಒಂದು ಅಕ್ಷರವನ್ನೂ ಅವರು ಹೊಡೆದುಹಾಕಿರಲಿಲ್ಲ. ಆ ಪುಸ್ತಕದಲ್ಲಿ ತಪ್ಪಾದರೆ ಉಜ್ಜುವಂತಿಲ್ಲ, ಹಾಳೆ ಹರಿಯುವಂತಿಲ್ಲ. ಕೆಂಪು ಶಾಯಿಯಲ್ಲಿ ಒಂದೇ ಗೆರೆ ಎಳೆದು, ಬರೆದ ತಪ್ಪು ಎಲ್ಲರಿಗೂ ಕಾಣುವಂತೆ ಬಿಟ್ಟು, ಪಕ್ಕದಲ್ಲಿ ಸಹಿ ಹಾಕಬೇಕೆಂಬುದು ನಿಯಮ. ಅದಕ್ಕೆಂದೇ ಕೊಂಡ ಶಾಯಿ ಬಾಟಲಿ ಮುಚ್ಚಳ ತೆರೆಯದೆ ಮೇಜಿನ ಮೇಲಿತ್ತು. ದಿನಾ ಬೆಳಗ್ಗೆ ಅದರ ಧೂಳು ಒರೆಸುವರು. ಕೊಳ್ಳಲು ಬಂದವರು ಕೇಳಲಿ ಬಿಡಲಿ, ಅದರ ಕಥೆ ಹೇಳಿಯೇ ಕಳಿಸುವರು.

ಬರೆಯುವ ವಿಷಯದಲ್ಲಿ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಹಳೆ ಪುಸ್ತಕ ತುಂಬಿದರೆ ಬೇರೆ ಅಂಗಡಿಯವರು ಅದನ್ನೇ ನೋಡಿ ಹೊಸದಕ್ಕೆ ಇಳಿಸಿಕೊಳ್ಳುತ್ತಾರೆ. ಇವರು ಭೂತಗನ್ನಡಿ ಹಿಡಿದು, ಕಬ್ಬಿಣದ ಮೇಲೆ ಕೊರೆದ ನಂಬರನ್ನು ಕಣ್ಣಾರೆ ಕಂಡೇ ಬರೆಯಬೇಕು. "ಪುಸ್ತಕ ಸುಳ್ಳು ಹೇಳಬಹುದು, ಕಬ್ಬಿಣ ಹೇಳಲ್ಲ" ಎನ್ನುತ್ತಿದ್ದರು. ಎಣಿಸುವುದು ಮಾತ್ರ ಅವರ ಕೆಲಸವಲ್ಲ. ಒಂದು, ಎರಡು, ಮೂರು ಎನ್ನುವುದಕ್ಕೆ ಅಕ್ಷರ ಬಲ್ಲವರು ಬೇಕೇ ಎಂಬುದು ಅವರ ವಾದ.

ಎಣಿಕೆ ಯಜಮಾನಿಯದು. ತೀರಿಹೋದ ಹಳೆಯ ಯಜಮಾನರ ಮಗಳು. ಗುಮಾಸ್ತರ ಮೇಜಿನ ಕೆಳಗೇ ಆಡಿ ಬೆಳೆದವಳಾದ್ದರಿಂದ ಅವರನ್ನು ಚಿಕ್ಕಪ್ಪ ಎನ್ನುತ್ತಿದ್ದಳು. ವರ್ಷಕ್ಕೊಮ್ಮೆ ತಪಾಸಣೆಯ ಅಧಿಕಾರಿ ಬಂದಾಗ ಅವಳು ಬೀರುವಿನ ಮುಂದೆ ನಿಂತು ನಂಬರು ಕೂಗುವಳು, ಅಧಿಕಾರಿ ಕುರ್ಚಿಯಲ್ಲಿ ಕೂತು ಪುಸ್ತಕದಲ್ಲಿ ಗುರುತು ಹಾಕುವರು. ಎಣಿಕೆ ನಲವತ್ತರ ಹತ್ತಿರ ಬರುತ್ತಿದ್ದಂತೆ, "ಚಿಕ್ಕಪ್ಪಾ, ಸಾಹೇಬ್ರಿಗೆ ಒಂದು ಕಾಫಿ ತಂದುಬಿಡಿ" ಎನ್ನುವಳು. ಅವಳ ಅಪ್ಪನೂ ಹಾಗೇ ಅನ್ನುತ್ತಿದ್ದರು. ಗುಮಾಸ್ತರು ಬೀದಿ ದಾಟಿ ಕಾಫಿ ತರುವಷ್ಟರಲ್ಲಿ ಅಧಿಕಾರಿಯ ಸಹಿ ಬಿದ್ದು ಒಣಗಿಯೂ ಆಗಿರುತ್ತಿತ್ತು. ಇದು ಆ ಮನೆಯವರ ಮರ್ಯಾದೆಯ ರೀತಿ ಎಂದುಕೊಂಡು ಅವರು ಲೋಟದಿಂದ ಒಂದು ಹನಿ ಚೆಲ್ಲದಂತೆ ನಡೆದು ಬರುತ್ತಿದ್ದರು.

ಈ ಸಲ ಹೊಸ ಅಧಿಕಾರಿ ಬಂದರು. ಮಾತು ಕಡಿಮೆ, ನಗು ಇಲ್ಲವೇ ಇಲ್ಲ. ನಂಬರು ಕೂಗುವುದು ಬೇಡ, ಒಂದೊಂದು ಬಂದೂಕನ್ನೂ ತಮ್ಮ ಕೈಗೆ ಕೊಡಬೇಕು ಎಂದರು.

ಮೂವತ್ತೊಂಬತ್ತಾಯಿತು. ಯಜಮಾನಿ ಗಂಟಲು ಸರಿಮಾಡಿಕೊಂಡು, "ಚಿಕ್ಕಪ್ಪಾ, ಸಾಹೇಬ್ರಿಗೆ ಒಂದು ಕಾಫಿ" ಎಂದಳು.

"ನಾನು ತಂದಿದೀನಿ" ಎಂದು ಅಧಿಕಾರಿ ಚೀಲದಿಂದ ಫ್ಲಾಸ್ಕ್ ತೆಗೆದು ಮೇಜಿನ ಮೇಲಿಟ್ಟರು.

"ಹಾಗಾದ್ರೆ ನನಗೆ ತನ್ನಿ."

"ನೀನು ಕಾಫಿ ಕುಡಿಯೋದೇ ಇಲ್ವಲ್ಲಮ್ಮ" ಎಂದು ಗುಮಾಸ್ತರು ಅಲ್ಲೇ ನಿಂತರು.

ನಲವತ್ತು. ನಲವತ್ತೊಂದು. ಬೀರುವಿನಲ್ಲಿದ್ದ ಬಂದೂಕು ಮುಗಿದವು. ಪುಸ್ತಕದಲ್ಲಿದ್ದದ್ದು ನಲವತ್ತೆರಡು.

"ಏಳು ಸಾವಿರದ ಮುನ್ನೂರ ಹನ್ನೆರಡು ಎಲ್ಲಿ?" ಅಧಿಕಾರಿ ಕೇಳಿದರು. "ಜೋಡುನಳಿಗೆ. ತಯಾರಕರ ಹೆಸರು ಅಸ್ಪಷ್ಟ. ಪ್ರತಿ ವರ್ಷ 'ನಳಿಗೆ ಸ್ವಚ್ಛ' ಅಂತ ತಪಾಸಣೆಯವರ ಷರಾ ಬೇರೆ ಇದೆ. ಒಂದು ಬಂದೂಕು ಕಡಿಮೆ ಬಿದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಸಂಜೆ ಒಳಗೆ ಅಂಗಡಿಗೆ ಬೀಗ."

ಗುಮಾಸ್ತರು ಹುಡುಕಲು ಹೊರಟರು. ಮೇಜಿನ ಕೆಳಗೆ ಬಗ್ಗಿದರು, ಪರದೆಯ ಹಿಂದೆ ನೋಡಿದರು, ಕೊಡೆಗಳ ನಡುವೆ ಕೈಯಾಡಿಸಿದರು, ಜೋಡುನಳಿಗೆ ಬಂದೂಕು ಅಲ್ಲಿ ಹಿಡಿಸುವುದೋ ಇಲ್ಲವೋ ಯೋಚಿಸದೆ ತಮ್ಮ ಬುತ್ತಿ ಡಬ್ಬಿಯನ್ನೂ ತೆರೆದರು. ಕೊನೆಗೆ ಭೂತಗನ್ನಡಿ ಹಿಡಿದು ಬೀರುವನ್ನೇ ಮೇಲಿನಿಂದ ಕೆಳಗೆ ಹುಡುಕತೊಡಗಿದರು. ಬಾಗಿಲಿನ ಒಳಮೈಯಲ್ಲಿ, ಕೀಲಿನ ಪಕ್ಕ, ಬೆರಳಗಲದ ಒಂದು ತಗಡು. ತಯಾರಕರ ಹೆಸರು ಸವೆದಿತ್ತು. ನಂಬರು ಸವೆದಿರಲಿಲ್ಲ.

ಏಳು ಸಾವಿರದ ಮುನ್ನೂರ ಹನ್ನೆರಡು.

ಒಂಬತ್ತು ವರ್ಷದ ಹಿಂದೆ ಹೊಸ ಪುಸ್ತಕ ತೆಗೆದ ದಿನ ಅವರು ಕಬ್ಬಿಣದ ಮೇಲೆ ಕಂಡದ್ದನ್ನೆಲ್ಲ ಕಣ್ಣಾರೆ ಕಂಡು ಬರೆದಿದ್ದರು. ಬೀರುವೂ ಕಬ್ಬಿಣವೇ. ಭೂತಗನ್ನಡಿಯಲ್ಲಿ ಕಂಡದ್ದು ನಂಬರಷ್ಟೇ; 'ಜೋಡುನಳಿಗೆ' ಎಂಬುದನ್ನು ಮೇಲಿನ ಸಾಲಿನಂತೆ ಕೈ ತಾನೇ ಬರೆದಿತ್ತು. ಹಳೆ ಪುಸ್ತಕ ನೋಡಿ ಇಳಿಸಿಕೊಳ್ಳುವ ಸೋಮಾರಿಗೆ ಈ ತಪ್ಪು ಜನ್ಮದಲ್ಲಿ ಆಗುತ್ತಿರಲಿಲ್ಲ.

"ಸಿಕ್ತು" ಎಂದರು ಗುಮಾಸ್ತರು, ತುಂಬಾ ಮೆಲ್ಲಗೆ.

ಅಧಿಕಾರಿ ಎದ್ದು ಬಂದು ನೋಡಿದರು. "ಇದು ಬೀರು."

ಇಲ್ಲಿ ಗುಮಾಸ್ತರು ತಪ್ಪಾಯಿತು ಎಂದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಅವರ ಕಣ್ಣು ಶಾಯಿ ಬಾಟಲಿಯ ಕಡೆ ಹೋಗಿ ಬಂತು. "ನಂಬರು ತಾಳೆ ಆಗ್ತಿದೆ ಸಾರ್" ಎಂದರು. "ಕಬ್ಬಿಣದ್ದು. ಬೀಗ ಇದೆ. ಲೈಸೆನ್ಸ್ ಇಲ್ದೋರು ಮುಟ್ಟೋ ಹಾಗಿಲ್ಲ. ಪುಸ್ತಕದ ಪ್ರಕಾರ ಬಂದೂಕು."

ಯಜಮಾನಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಅಧಿಕಾರಿ ಮಾತ್ರ ಗಂಭೀರವಾಗಿ ಕೂತು ಹೊಸದೊಂದು ನಮೂನೆ ತೆಗೆದರು.

"ಸರಿ, ಬರ್ಕೊಳ್ಳೋಣ. ಉದ್ದ?"

"ಆರೂವರೆ ಅಡಿ."

"ನಳಿಗೆ?"

"ಬೀಗದ ಕೈ ಹಾಕೋ ತೂತು ಎರಡಿದೆ ಸಾರ್. ಜೋಡು."

"ಬಂದೂಕನ್ನ ಬೀರುವಿನ ಒಳಗೇ ಇಡಬೇಕು ಅಂತ ನಿಯಮ. ಇದು ಹೊರಗೆ ನಿಂತಿದೆಯಲ್ಲ?"

"ಇನ್ನೊಂದು ದೊಡ್ಡ ಬೀರು ತರಿಸ್ತೀವಿ."

"ಅದಕ್ಕೂ ನಂಬರು ಇರುತ್ತೆ."

"ಅದನ್ನ ನಾನು ಬರೆಯಲ್ಲ ಸಾರ್."

ಅಧಿಕಾರಿ ಬಗ್ಗಿ ಬೀರುವಿನ ಕೆಳಗಿನ ಅರೆಯನ್ನು ನೋಡಿದರು. ಅಲ್ಲಿ ತೋಟಾದ ಆರು ಪೆಟ್ಟಿಗೆಗಳಿದ್ದವು. ಅವರು ಲೇಖನಿ ಕೆಳಗಿಟ್ಟರು. "ಒಳಗೆ ತೋಟಾ ಇದೆ. ತೋಟಾ ತುಂಬಿದ ಬಂದೂಕನ್ನ ಅಂಗಡೀಲಿ ಇಡೋದು ಅಪರಾಧ. ಇದು ಬಂದೂಕು ಆದ್ರೆ ಸಂಜೆ ಕಾಯೋದೂ ಬೇಡ, ಈಗಲೇ ಬೀಗ ಹಾಕ್ತೀನಿ. ಬಂದೂಕು ಅಲ್ಲ, ಬರೆದಿದ್ದು ತಪ್ಪು ಅಂತ ನೀವು ಗೆರೆ ಎಳೆದ್ರೆ ನಲವತ್ತೊಂದಕ್ಕೆ ನಲವತ್ತೊಂದು. ಒಂದು ನೋಟಿಸ್ ಕೊಟ್ಟು ಹೋಗ್ತೀನಿ."

"ಹಾಗಲ್ಲ ಸಾರ್" ಎಂದು ಗುಮಾಸ್ತರು ಮತ್ತೆ ಶುರು ಮಾಡಿದರು. "ಒಂಬತ್ತು ವರ್ಷದಿಂದ ನಿಮ್ಮವರೇ ಗುರುತು ಹಾಕಿದಾರೆ. ಅವರಿಗೆಲ್ಲ ಸಿಕ್ಕಿದ್ದು ನಿಮಗೆ ಮಾತ್ರ ಯಾಕೆ ಸಿಗ್ತಿಲ್ಲ?"

"ನಾವು ಕೂಗಿದ್ವಿ ಚಿಕ್ಕಪ್ಪ" ಎಂದಳು ಯಜಮಾನಿ.

ಅಧಿಕಾರಿ ಗೋಡೆಯ ಕಡೆ ತಿರುಗಿ ಫ್ಲಾಸ್ಕಿನ ಮುಚ್ಚಳ ಬಿಚ್ಚಿದರು. ಷರಾ ಬರೆದವರಲ್ಲಿ ಒಬ್ಬರು ಈಗ ಅವರ ಮೇಲಧಿಕಾರಿ. ಕೆಲವು ಮಾತು ಕಿವಿಗೆ ಬೀಳದಿದ್ದರೇ ಒಳ್ಳೆಯದು.

"ಮೊದಲನೇ ವರ್ಷವೇ ಅಪ್ಪನಿಗೆ ಗೊತ್ತಾಗಿತ್ತು" ಎಂದಳು ಅವಳು. "ನಿಮಗೆ ಹೇಳೋಕೆ ಅಂತ ಮೇಜಿನ ಹತ್ರ ಬಂದ್ರಂತೆ. ನೀವು ಆ ಬಾಟ್ಲಿ ಒರೆಸ್ತಾ ಇದ್ರಂತೆ. ಹಾಗೇ ವಾಪಸ್ ಹೋದ್ರು. ಅವತ್ತಿಂದ ತಪಾಸಣೆ ಬಂದಾಗೆಲ್ಲ ನಿಮ್ಮನ್ನ ಕಾಫಿಗೆ ಕಳಿಸಿ, ಬೀರುವಿನ ನಂಬರು ಕೂಗಿಬಿಡೋರು. ಸಾಯೋ ಮುಂಚೆ ಅಂಗಡಿ ಬಗ್ಗೆ ನನಗೆ ಹೇಳಿದ್ದು ಎರಡೇ ಮಾತು. ಬೀಗದ ಕೈ ಎಲ್ಲಿದೆ ಅನ್ನೋದು ಒಂದು, ಈ ಕಾಫಿ ವಿಷಯ ಇನ್ನೊಂದು."

ಗುಮಾಸ್ತರು ಕುರ್ಚಿಯಲ್ಲಿ ಕೂತರು. ಒಂಬತ್ತು ಲೋಟ ಕಾಫಿ ಅವರ ಕಣ್ಣ ಮುಂದೆ ಬಂತು. ಅವರು ಒಂದು ಹನಿಯೂ ಚೆಲ್ಲದಂತೆ ಲೋಟ ಹಿಡಿದು ಬೀದಿ ದಾಟುವಾಗ, ಇಲ್ಲಿ ಆ ದೊಡ್ಡ ಮನುಷ್ಯ ಪರವಾನಗಿಯನ್ನೇ ಪಣಕ್ಕಿಟ್ಟು, ಬೀರುವಿನ ಮುಂದೆ ನಿಂತು, ತನ್ನ ಗುಮಾಸ್ತನ ಮಾನ ಉಳಿಸಲು ಸುಳ್ಳು ಕೂಗುತ್ತಿದ್ದ; ಅವನ ನಂತರ ಅವನ ಮಗಳು. ಅವರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು.

ಬಾಟಲಿಯ ಮುಚ್ಚಳ ತಿರುಗಿಸಲು ಮೂರು ಜನರ ಕೈ ಬೇಕಾಯಿತು. ಒಳಗೆ ಶಾಯಿ ಒಣಗಿ ಹೆಪ್ಪಾಗಿತ್ತು. ಅಧಿಕಾರಿ ಫ್ಲಾಸ್ಕಿನಿಂದ ಎರಡು ಹನಿ ಕಾಫಿ ಹಾಕಿಕೊಟ್ಟರು. ಗುಮಾಸ್ತರು ಲೇಖನಿಯ ತುದಿಯಿಂದ ಕಲಸಿ, ಇಪ್ಪತ್ತಾರು ವರ್ಷದ ಮೊದಲ ಗೆರೆ ಎಳೆದರು. ಅದು ಕೆಂಪಿಗಿಂತ ಕಂದಾಗಿತ್ತು. ಪಕ್ಕದಲ್ಲಿ ಬರೆದರು: ಇದು ಬಂದೂಕಲ್ಲ, ಬೀರು. ತಪ್ಪು ನನ್ನದು.

"ನಿಯಮದ ಪ್ರಕಾರ ಇನ್ನೊಂದು ಸಲ ಎಣಿಸ್ಬೇಕು" ಎಂದು ಅಧಿಕಾರಿ ಎದ್ದರು.

ಮೂವತ್ತೊಂಬತ್ತಾಗುತ್ತಿದ್ದಂತೆ ಗುಮಾಸ್ತರು ಅಭ್ಯಾಸಬಲದಿಂದ ಎದ್ದು ಬಾಗಿಲ ಕಡೆ ಹೊರಟರು.

"ಎಲ್ಲಿಗೆ ಚಿಕ್ಕಪ್ಪ? ಕೂತ್ಕೊಳ್ಳಿ" ಎಂದಳು ಯಜಮಾನಿ. "ಇನ್ನು ಎರಡೇ ಇರೋದು. ನೀವೇ ಎಣಿಸಿ."