ಕಚ್ಚದ ಚಪ್ಪಲಿ

ಅಥಣಿಯ ದಾದಾಸಾಹೇಬರ ಚಪ್ಪಲಿ ಕಾರ್ಖಾನೆ ಐದೇ ವರ್ಷದಲ್ಲಿ ಒಂದು ತಗಡಿನ ಶೆಡ್ಡಿನಿಂದ ಮೂರು ಶೆಡ್ಡಿಗೆ ಬೆಳೆದಿತ್ತು. 2012ರಲ್ಲಿ ಅಲ್ಲಿಯ ಹದಿನಾಲ್ಕು ಹೆಂಗಸರ ಮೇಲೆ ಪ್ರಾಜಕ್ತಾ ಮೇಲ್ವಿಚಾರಕಿಯಾದಳು. ಅವಳಪ್ಪ ದಶರಥ ಕಟ್ಟೆಯ ಮೇಲೆ ಕೂತು ಚರ್ಮ ಬಡಿಯುತ್ತಲೇ ಮುದುಕನಾದವನು. ಬಿ.ಕಾಂ. ಓದಿದ ಮಗಳು ಅದೇ ಚರ್ಮದ ವಾಸನೆಗೆ ಮರಳಿದ್ದು ಅವನಿಗೆ ಸೇರಿರಲಿಲ್ಲ. "ಕುರ್ಚಿ ಕೊಟ್ಟಾರಂತ ಹಿಗ್ಗಬ್ಯಾಡ. ಕುರ್ಚಿ ಅವರದು, ಬಾಯಿ ಅಷ್ಟ ನಿಂದು," ಅಂದಿದ್ದ.

ಆ ವರ್ಷ ಕೊಲ್ಲಾಪುರದ ದೊಡ್ಡ ವ್ಯಾಪಾರಿಯದು ಒಂದೇ ದೂರು: ಚಪ್ಪಲಿ ಕಾಲು ಕಚ್ಚುತ್ತದೆ, ಪಟ್ಟಣದ ಹುಡುಗಿಯರು ಎರಡು ದಿನ ಮೆಟ್ಟಿ ಮೂಲೆಗೆ ಎಸೆಯುತ್ತಾರೆ. ದಾದಾಸಾಹೇಬರು ಪುಣೆಯಿಂದ ಒಬ್ಬ ಡಿಸೈನರನ್ನು ಕರೆಸಿದರು. ಅವನು ಬಣ್ಣಬಣ್ಣದ ಗೊಂಡೆ ಕಟ್ಟಿಸಿ ಹೋದ. ಚಪ್ಪಲಿ ಕಚ್ಚುವುದನ್ನು ಬಿಡಲಿಲ್ಲ.

ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಪ್ರಾಜಕ್ತಾ ಎಲ್ಲರನ್ನೂ ಕೇಳಿದಳು, "ಇದು ಯಾಕ ಕಚ್ಚತೈತಿ?"

ಇಪ್ಪತ್ತಾರು ವರ್ಷದಿಂದ ಚರ್ಮ ಕತ್ತರಿಸುತ್ತ ಬಂದ, ಎಲ್ಲರಿಗೂ ಚಿಕ್ಕಮ್ಮನಂತಿದ್ದ ಸುಂದರಾ ಕಾಕು ರೊಟ್ಟಿ ಮುರಿಯುತ್ತ ಮೆಲ್ಲಗೆ ಅಂದಳು, "ಪಟ್ಟಿ ಸಿಗಿಸೋ ಕಿವಿ ಐತಲ್ಲ, ಅದು ಎಲುಬಿನ ಮ್ಯಾಲ ಕುಂದರತೈತಿ. ಎರಡ ಬೆರಳ ಹಿಂದ ಸರಸಬೇಕ. ಒಳಗ ಆಡಿನ ತೆಳು ಚರ್ಮ ಹಚ್ಚಬೇಕ."

"ಇಷ್ಟ ದಿನ ಯಾಕ ಹೇಳಲಿಲ್ಲ ಕಾಕು?"

"ಯಾರ ಕೇಳಿದ್ರು?"

ಪ್ರಾಜಕ್ತಾ ಆ ಸಂಜೆಯೇ ದಾದಾಸಾಹೇಬರ ಮುಂದೆ ನಿಂತಳು. ಅವರು ತಲೆ ಎತ್ತದೆ ಹೇಳಿದರು, "ಅವರ ಕೈಗೆ ಕೆಲಸ ಕೊಟ್ಟೇನಿ, ತಲಿಗಲ್ಲ."

"ಕೈ ಬಂದಲ್ಲಿ ತಲಿನೂ ಬರತೈತ್ರಿ ಸಾಹೇಬ್ರ. ಎಂಟ ಜೋಡಿ ಮಾಡಿ ನೋಡತೇವಿ."

ಅವರು ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. ಎಂಟು ಜೋಡಿ ತಯಾರಾದವು, ಮೆಟ್ಟಿದ ಮೂರೇ ದಿನದಲ್ಲಿ ಐದು ಜೋಡಿಯ ಕಿವಿ ಕಿತ್ತು ಬಂತು. ದಾದಾಸಾಹೇಬರು ಅವನ್ನು ಎಲ್ಲರೆದುರು ನೆಲಕ್ಕೆ ಸುರಿದು, "ಯಾರ ಕೆಲಸ ಇದು?" ಅಂದರು. ಸುಂದರಾ ಕಾಕು ಚರ್ಮ ಕೊಯ್ಯುವ ರಂಪಿಗೆಯನ್ನು ಕೆಳಗಿಟ್ಟು ಏಳಹೋದಳು.

"ನನ್ನ ಕೆಲಸರಿ. ನಾ ಹೇಳಿ ಮಾಡಿಸೇನಿ," ಅಂದಳು ಪ್ರಾಜಕ್ತಾ.

ಮರುದಿನ ಆಡಿನ ಚರ್ಮದ ಕಪಾಟಿಗೆ ಕೀಲಿ ಬಿತ್ತು. ಕೆಲಸ ಮುಗಿದ ಮೇಲೆ ಪ್ರಾಜಕ್ತಾ ಹೆಂಗಸರನ್ನು ತನ್ನ ಮನೆಯ ಕಟ್ಟೆಗೆ ಕರೆದಳು. ಒಂಬತ್ತು ಮಂದಿ ಬಂದರು. ದಶರಥ ಬೈಯುತ್ತಲೇ ತನ್ನ ಹಳೆಯ ಚರ್ಮದ ಗಂಟು ಬಿಚ್ಚಿ ಕೊಟ್ಟ. ಎಲ್ಲರಿಗಿಂತ ಚಿಕ್ಕವಳಾದ ಭಾಗ್ಯಾ ಹರಿದ ಜೋಡನ್ನು ಹೊರಳಿಸಿ ನೋಡಿ, "ಕಿವಿ ಬುಡ ಗಿಡ್ಡ ಆಗೇತಿ. ಎರಡು ತಳದ ನಡುವ ಇನ್ನೊಂದು ಬೆರಳ ಒಳಗ ಹೋಗಲಿ," ಅಂದಳು. ಸುಂದರಾ ಕಾಕು ಅವಳನ್ನು ದಿಟ್ಟಿಸಿ, "ಇದು ನನಗ ಹೊಳೀಲಿಲ್ಲ ನೋಡ," ಎಂದು ಆಗಲೇ ಕತ್ತರಿಸಲು ಕೂತಳು.

ಹೀಗೆ ಹೊಲಿದ ಹೊಸ ಜೋಡುಗಳನ್ನು ಅವರೇ ಮೆಟ್ಟಿದರು. ಒಂದು ತಿಂಗಳು ಕಬ್ಬಿನ ಗದ್ದೆಗೆ, ಸಂತೆಗೆ, ಕೊಕಟನೂರಿಗೆ ನಡೆದುಹೋಗಿ ಬಂದರು. ಒಂದೂ ಹರಿಯಲಿಲ್ಲ, ಒಂದೂ ಕಚ್ಚಲಿಲ್ಲ.

ದೀಪಾವಳಿಯ ಮುಂಚೆ ಕೊಲ್ಲಾಪುರದ ವ್ಯಾಪಾರಿ ಬಂದಾಗ ಪ್ರಾಜಕ್ತಾ ಒಂದು ಜೋಡನ್ನು ಅವನ ಮುಂದಿಟ್ಟು, "ಮೆಟ್ಟಿ ನೋಡ್ರಿ," ಅಂದಳು. ಅವನು ಶೆಡ್ಡಿನ ಆ ತುದಿಗೆ ಹೋಗಿ ಬಂದ. ಮತ್ತೊಮ್ಮೆ ಹೋಗಿ ಬಂದ. "ಹೇ ಕೋಣಿ ಕೇಲಂ?" ಎಂದು ಕೇಳಿದ, ಯಾರು ಮಾಡಿದ್ದು ಎಂದು.

"ನಮ್ಮ ಪುಣೆ ಡಿಸೈನರ್," ಅಂದರು ದಾದಾಸಾಹೇಬರು, ಕಣ್ಣು ಪಿಳುಕಿಸದೆ.

"ಅಲ್ಲರಿ," ಅಂದಳು ಪ್ರಾಜಕ್ತಾ. "ಸುಂದರಾ ಕಾಕು ಮಾಡ್ಯಾಳ. ಕಿವಿ ಬುಡ ಭಾಗ್ಯಾಂದು. ಕಾಕು, ಇಲ್ಲಿ ಬಾ. ನೀನ ಹೇಳ."

ದಾದಾಸಾಹೇಬರ ಮುಖ ಕೆಂಪಾಯಿತು. "ನಾಳಿಂದ ನೀ ಬರಬ್ಯಾಡ," ಎಂದು ಹಲ್ಲು ಕಚ್ಚಿ ಹೇಳಿದರು.

"ನಾಳಿದ್ದು ನಾಳಿಗೆ. ಈಗ ಕಾಕು ಮಾತಾಡತಾಳ."

ಕಾಕು ಸೆರಗಿಗೆ ಕೈ ಒರೆಸಿಕೊಂಡು ಬಂದು, ವ್ಯಾಪಾರಿಯ ಎದುರಿನ ಕುರ್ಚಿಯಲ್ಲಿ ಕೂತು, ಮರಾಠಿಯಲ್ಲಿ ಅರ್ಧ ತಾಸು ಕಾಲೆಲುಬಿನ ವಿಷಯ ಹೇಳಿದಳು. ಹದಿಮೂರು ಹೆಂಗಸರು ಕೈ ಕಟ್ಟಿ ನಿಂತು ಕೇಳಿದರು. ಒಂದು ಹೊಲಿಗೆಯೂ ಬೀಳಲಿಲ್ಲ.

ವ್ಯಾಪಾರಿ ಎದ್ದಾಗ ದಾದಾಸಾಹೇಬರಿಗೆ ಹೇಳಿದ್ದು ಇಷ್ಟೇ: "ಎರಡು ಸಾವಿರ ಜೋಡಿ ಬೇಕು. ಈ ಹೆಂಗಸಿನ ಕೈಯಿಂದಲೇ ಆಗಬೇಕು."

ಮರುದಿನ ಪ್ರಾಜಕ್ತಾ ಎಂದಿನ ಹೊತ್ತಿಗೇ ಹೋದಳು. ತಡೆದವರಿಲ್ಲ, ಕ್ಷಮೆ ಕೇಳಿದವರೂ ಇಲ್ಲ. ಆಡಿನ ಚರ್ಮದ ಕಪಾಟು ತೆರೆದಿತ್ತು. ಚರ್ಮ ಕತ್ತರಿಸುವ ಹೊಸ ನಮೂನೆಯ ರಟ್ಟಿನ ಮೇಲೆ ದಾದಾಸಾಹೇಬರು ನಂಬರು ಬರೆಯಲು ಹೇಳಿ ಕಳಿಸಿದರು. ಅವಳು ದಪ್ಪ ಅಕ್ಷರದಲ್ಲಿ 'ಸುಂದರಾ' ಎಂದು ಬರೆದಳು. ಮಧ್ಯಾಹ್ನ ಅವರು ಬಂದು, ರಟ್ಟನ್ನು ಕೈಗೆತ್ತಿಕೊಂಡು ಓದಿ, ಇಟ್ಟು ಹೋದರು.

ಆ ಶನಿವಾರ ಕೆಲಸ ಬಿಡುವ ಒಂದು ತಾಸು ಮೊದಲೇ ಪ್ರಾಜಕ್ತಾ ಹೊಲಿಗೆ ಯಂತ್ರಗಳನ್ನು ನಿಲ್ಲಿಸಿ, ಹೆಂಗಸರ ನಡುವೆ ನೆಲದ ಮೇಲೆ ಕೂತಳು. "ಇನ್ನ ಏನೇನ ತಪ್ಪೈತಿ, ಹೇಳ್ರಿ," ಅಂದಳು.

ಒಮ್ಮೆಲೇ ನಾಲ್ವರು ಬಾಯಿ ತೆರೆದರು.